ಹಳೆಯ ಬೇಸ್‌ಬಾಲ್ ಭಾವಚಿತ್ರ, ಅದರಿಂದ ಮೂಡಿದ ಕಾರ್ಡು: ಎರಡನ್ನೂ ಹೋಲಿಸಿ ನೋಡುವ ಕ್ರಮ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಹಳೆ ಸಾಮಾನಿನ ಸಂತೆಯಲ್ಲೋ ಹರಾಜಿನಲ್ಲೋ ಬೇಸ್‌ಬಾಲ್ ಆಟಗಾರನೊಬ್ಬನ ಹಳೆಯ ಫೋಟೊ ಸಿಕ್ಕಿರುತ್ತದೆ. ಮಕ್ಕಳು ಕೂಡಿಡುವ ಬೇಸ್‌ಬಾಲ್ ಕಾರ್ಡುಗಳ (ಆಟಗಾರರ ಚಿತ್ರವಿರುವ, ಹಿಂದೆ ಸಿಗರೇಟು, ಚೂಯಿಂಗ್ ಗಮ್ ಜೊತೆ ಕೊಡುತ್ತಿದ್ದ ಪುಟ್ಟ ರಟ್ಟುಗಳ) ಪುಸ್ತಕದಲ್ಲಿ ಅದೇ ಮುಖ, ಅದೇ ಭಂಗಿ ಕಾಣುತ್ತದೆ. ‘ಹಾಗಾದರೆ ನಮ್ಮ ಕೈಯಲ್ಲಿರುವುದು ಆ ಕಾರ್ಡಿನ ಮೂಲ ಫೋಟೊವೇ?’ ಎಂದು ಅವರು ಕೇಳುತ್ತಾರೆ.

ಈ ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳಿವೆ. ಎರಡರಲ್ಲಿಯೂ ಇರುವುದು ಒಂದೇ ಕ್ಷಣದಲ್ಲಿ ಸೆರೆಯಾದ ಚಿತ್ರವೇ? ನಿಮ್ಮಲ್ಲಿರುವುದು ನಿಜವಾದ ಫೋಟೊವೇ ಅಥವಾ ಶಾಯಿಯಲ್ಲಿ ಅಚ್ಚಾದ ಕಾಗದವೇ? ಫೋಟೊವೇ ಆದರೆ, ಆ ಪ್ರತಿಯನ್ನು ತಯಾರಿಸಿದ್ದು ಯಾವಾಗ? ಮೊದಲನೆಯದಕ್ಕೆ ‘ಹೌದು’ ಎಂಬ ಉತ್ತರ ಸಿಕ್ಕ ಕೂಡಲೇ ಉಳಿದೆರಡಕ್ಕೂ ‘ಹೌದು’ ಎಂದುಕೊಂಡು ಹಣ ಕಳೆದುಕೊಂಡವರು ಬಹಳ ಮಂದಿ. ಆದ್ದರಿಂದ ಮೂರನ್ನೂ ಬೇರೆ ಬೇರೆಯಾಗಿಯೇ ಪರೀಕ್ಷಿಸೋಣ.

ಮೊದಲು ಕೆಲವು ಪದಗಳು

ನೆಗೆಟಿವ್ ಎಂದರೆ ಕ್ಯಾಮೆರಾದೊಳಗಿದ್ದು ಬೆಳಕನ್ನು ಹಿಡಿದ ಗಾಜಿನ ಫಲಕ ಅಥವಾ ಫಿಲ್ಮು. ಅದರಿಂದ ಕಾಗದದ ಮೇಲೆ ತೆಗೆದದ್ದು ಪ್ರತಿ. ಒಂದು ನೆಗೆಟಿವ್‌ನಿಂದ ಎಷ್ಟು ಪ್ರತಿಗಳನ್ನಾದರೂ, ಎಷ್ಟು ವರ್ಷಗಳ ಮೇಲಾದರೂ ತೆಗೆಯಬಹುದು. ಕಲ್ಲಚ್ಚು ಎಂದರೆ ಕಲ್ಲಿನ ಮೇಲೆ ಬಣ್ಣಕ್ಕೊಂದರಂತೆ ಚಿತ್ರ ಬರೆದು, ಒಂದರ ಮೇಲೊಂದು ಬಣ್ಣ ಒತ್ತುವ ಹಳೆಯ ಮುದ್ರಣ. ಹಾಫ್‌ಟೋನ್ ಎಂದರೆ ಫೋಟೊವನ್ನು ಸಾಲುಸಾಲಾದ ಸಣ್ಣ-ದೊಡ್ಡ ಚುಕ್ಕೆಗಳಾಗಿ ಒಡೆದು ಮುದ್ರಿಸುವ ವಿಧಾನ. ಪತ್ರಿಕೆಗಳ ಕಪ್ಪು-ಬಿಳುಪು ಚಿತ್ರಗಳು ಬಂದದ್ದು ಹೀಗೆಯೇ.

ಮುಂದೆ ಬರುವ ಟಿ206, ಎನ್172 ಎಂಬ ಕಾರ್ಡು ಸರಣಿಗಳ ಗುರುತುಗಳು ಕಾರ್ಡು ತಯಾರಿಸಿದ ಕಂಪನಿಗಳು ಕೊಟ್ಟವಲ್ಲ. ಜೆಫರ್ಸನ್ ಬರ್ಡಿಕ್ ಎಂಬ ಸಂಗ್ರಾಹಕ ಅಮೆರಿಕದ ಕಾರ್ಡುಗಳನ್ನೆಲ್ಲ ಪಟ್ಟಿ ಮಾಡಿದಾಗ ಕೊಟ್ಟ ಗುರುತುಗಳು ಅವು. ಆತನ ಸಂಗ್ರಹ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ.

ಬೇಕಾದ ಸಾಮಗ್ರಿ

ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿ ಇರಲೇಬೇಕು. ಅರವತ್ತು ಪಟ್ಟು ಹಿಗ್ಗಿಸುವ ಜೇಬು ಸೂಕ್ಷ್ಮದರ್ಶಕವೂ ಇದ್ದರೆ ಒಳ್ಳೆಯದು. ಮಿಲಿಮೀಟರ್ ಗುರುತಿನ ಅಳತೆಪಟ್ಟಿ, ಓರೆಯಾಗಿ ಬೆಳಕು ಬೀಳಿಸಲು ಒಂದು ಮೇಜುದೀಪ, ಅತಿನೇರಳೆ ಬೆಳಕಿನ ಚಿಕ್ಕ ಟಾರ್ಚು, ಒಂದು ಸ್ಕ್ಯಾನರ್. ಕೈಗಳನ್ನು ತೊಳೆದು ಚೆನ್ನಾಗಿ ಒಣಗಿಸಿಕೊಂಡು, ಫೋಟೊವನ್ನು ಅಂಚಿನಲ್ಲಷ್ಟೇ ಹಿಡಿಯಿರಿ.

ಇನ್ನೊಂದು ಸಾಧನ ಪೂರ್ತಿ ಉಚಿತ. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಬೆಂಜಮಿನ್ ಎಡ್ವರ್ಡ್ಸ್ ಸಂಗ್ರಹವಿದೆ. 1887ರಿಂದ 1914ರವರೆಗಿನ ಸುಮಾರು 2,100 ಬೇಸ್‌ಬಾಲ್ ಕಾರ್ಡುಗಳು ಅದರಲ್ಲಿವೆ. ಅದೇ ಗ್ರಂಥಾಲಯದಲ್ಲಿ ಬೇನ್ ಸುದ್ದಿಸಂಸ್ಥೆಯ ಗಾಜಿನ ನೆಗೆಟಿವ್‌ಗಳೂ ನ್ಯೂಯಾರ್ಕಿನ ಪಾಲ್ ಥಾಂಪ್ಸನ್ ತೆಗೆದ ಆಟಗಾರರ ಭಾವಚಿತ್ರಗಳೂ ಇವೆ. ಎಲ್ಲವನ್ನೂ ಅಂತರಜಾಲದಲ್ಲಿ ದೊಡ್ಡ ಗಾತ್ರದಲ್ಲಿ ಇಳಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ಕುಳಿತವರೂ ಒಂದು ಪೈಸೆ ಖರ್ಚಿಲ್ಲದೆ ಈ ಹೋಲಿಕೆಯನ್ನು ಅಭ್ಯಾಸ ಮಾಡಬಹುದು. ಏನನ್ನಾದರೂ ಕೊಳ್ಳುವ ಮೊದಲು ಅಭ್ಯಾಸ ಮಾಡಿಯೇ ತೀರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

1. ಕಾರ್ಡು ಯಾವ ಬಗೆಯದು ಎಂದು ಗುರುತಿಸಿ

ಫೋಟೊದಿಂದ ಕಾರ್ಡಿಗೆ ಬರುವ ದಾರಿ ಎಲ್ಲ ಕಾಲದಲ್ಲೂ ಒಂದೇ ಆಗಿರಲಿಲ್ಲ. ಇದು ತಿಳಿಯದೆ ಮುಂದಿನ ಯಾವ ಹಂತವೂ ಸರಿಹೋಗುವುದಿಲ್ಲ.

1880ರ ದಶಕದ ಕೊನೆಯಲ್ಲಿ ಗುಡ್‌ವಿನ್ ಕಂಪನಿ ಓಲ್ಡ್ ಜಡ್ಜ್ ಸಿಗರೇಟಿನ ಜೊತೆ ಕೊಟ್ಟ ಎನ್172 ಕಾರ್ಡುಗಳು ಮುದ್ರಣವೇ ಅಲ್ಲ. ಅವು ದಪ್ಪ ರಟ್ಟಿಗೆ ಅಂಟಿಸಿದ ನಿಜವಾದ ಪುಟ್ಟ ಫೋಟೊಗಳು. ಸ್ಟುಡಿಯೊದಲ್ಲಿ ಚೆಂಡನ್ನು ದಾರದಲ್ಲಿ ತೂಗುಹಾಕಿ, ಆಟಗಾರ ಅದನ್ನು ಹಿಡಿಯುವಂತೆಯೋ ಹೊಡೆಯುವಂತೆಯೋ ನಿಲ್ಲಿಸಿ ತೆಗೆದವು. ಹಲವು ಕಾರ್ಡುಗಳಲ್ಲಿ ಆ ದಾರ ಇಂದಿಗೂ ಕಾಣುತ್ತದೆ. ಅದೇ ಕಾಲದ, 1887ರ ಅಲೆನ್ ಆ್ಯಂಡ್ ಗಿಂಟರ್ ಕಾರ್ಡುಗಳಾದರೋ ಪೂರ್ತಿ ಬಣ್ಣದ ಕಲ್ಲಚ್ಚು.

1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಹೊರತಂದ ಟಿ206 ಸರಣಿಯಲ್ಲಿ ಐನೂರಕ್ಕೂ ಹೆಚ್ಚು ಚಿತ್ರಗಳಿವೆ. ಕಪ್ಪು-ಬಿಳುಪು ಫೋಟೊ ಮುಂದಿಟ್ಟುಕೊಂಡು ಕಲ್ಲಚ್ಚಿನ ಕಲಾವಿದರು ಬಣ್ಣ ಊಹಿಸಿ ಮಾಡಿದವು ಇವು. ಚೂಯಿಂಗ್ ಗಮ್ ಕಂಪನಿಗಳು ಹೊರತಂದ 1933ರ ಗೌಡಿ ಕಾರ್ಡುಗಳಲ್ಲೂ, 1950ರಿಂದ 1952ರವರೆಗಿನ ಬೋಮನ್ ಕಾರ್ಡುಗಳಲ್ಲೂ ಇರುವುದು ಫೋಟೊ ನೋಡಿ ಬರೆದ ವರ್ಣಚಿತ್ರಗಳು. ಅಂಥದೇ ಇನ್ನೊಂದು ಕಂಪನಿಯಾದ ಟಾಪ್ಸ್‌ನ 1952ರ ಕಾರ್ಡುಗಳಲ್ಲಿ ಕಪ್ಪು-ಬಿಳುಪು ಫೋಟೊಗೇ ಕೈಯಿಂದ ಬಣ್ಣ ತುಂಬಿದರು. 1953ರ ಬೋಮನ್ ಬಣ್ಣದ ಸರಣಿ ನಿಜವಾದ ಬಣ್ಣದ ಫೋಟೊಗಳಿಂದ ಬಂತು. ಅದೇ ವರ್ಷ ಟಾಪ್ಸ್ ವರ್ಣಚಿತ್ರಗಳತ್ತ ಹೊರಳಿತು.

ಫೋಟೊ ಮತ್ತು ಕಾರ್ಡಿನ ನಡುವೆ ಮನುಷ್ಯನ ಕೈ ಎಷ್ಟು ಆಡಿದೆಯೋ ಅಷ್ಟೇ ವ್ಯತ್ಯಾಸವನ್ನು ನಿರೀಕ್ಷಿಸಬೇಕು. 1953ರ ಬೋಮನ್‌ನಲ್ಲಿ ಫೋಟೊಗೂ ಕಾರ್ಡಿಗೂ ಸಣ್ಣ ವ್ಯತ್ಯಾಸ ಕಂಡರೂ ಅನುಮಾನಪಡಬೇಕು. ಟಿ206ರಲ್ಲಿ ದೊಡ್ಡ ವ್ಯತ್ಯಾಸವೂ ಸಹಜವೇ.

2. ಛಾಯಾಗ್ರಾಹಕ ಯಾರೆಂದು ಹುಡುಕಿ

ಹಳೆಯ ಕಾರ್ಡುಗಳ ಹಿಂದಿರುವ ಕ್ಯಾಮೆರಾಗಳು ಕೆಲವೇ. ಬಾಸ್ಟನ್ನಿನಲ್ಲಿ ಸ್ಟುಡಿಯೊ ಇಟ್ಟಿದ್ದ, ಸ್ವೀಡನ್ನಿನಲ್ಲಿ ಹುಟ್ಟಿದ ಕಾರ್ಲ್ ಹಾರ್ನರ್ ಅವರಲ್ಲಿ ಪ್ರಮುಖ. ಎದೆಮಟ್ಟದ ಭಂಗಿ, ಬರಿದಾದ ಹಿನ್ನೆಲೆ, ತಲೆಗೆ ಟೋಪಿಯಿಲ್ಲ. ಆತನ ಭಾವಚಿತ್ರಗಳು ಸಾಮಾನ್ಯವಾಗಿ ಹೀಗಿರುತ್ತವೆ. ಕಾರ್ಡು ಲೋಕದಲ್ಲೇ ಅತ್ಯಂತ ಪ್ರಸಿದ್ಧವಾದ ಹೋನಸ್ ವ್ಯಾಗ್ನರ್ ಟಿ206 ಕಾರ್ಡು ಹಾರ್ನರ್ 1905ರಲ್ಲಿ ತೆಗೆದ ಭಾವಚಿತ್ರದಿಂದ ಬಂದದ್ದು. ಆ ಕಾರ್ಡಿನ ಒಂದು ಪ್ರತಿ 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು.

ಇಲ್ಲಿಯೇ ಒಂದು ಪಾಠವಿದೆ. ಫೋಟೊ 1905ರದ್ದು, ಕಾರ್ಡು 1909ರ ನಂತರದ್ದು. ಕಾರ್ಡಿನ ವರ್ಷವನ್ನೇ ಫೋಟೊದ ವರ್ಷವೆಂದು ಬರೆದುಕೊಳ್ಳುವುದು ಹೊಸಬರು ಮಾಡುವ ಮೊದಲ ತಪ್ಪು.

ಚಾರ್ಲ್ಸ್ ಕಾನ್ಲನ್ ಇನ್ನೊಬ್ಬ. ನ್ಯೂಯಾರ್ಕಿನ ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದ ಆತ 1904ರಲ್ಲಿ ಆಟಗಾರರ ಫೋಟೊ ತೆಗೆಯತೊಡಗಿ ಮುಂದೆ ದಶಕಗಳ ಕಾಲ ಬಿಡಲಿಲ್ಲ. ಸ್ಟುಡಿಯೊದ ಪರದೆಯ ಬದಲು ಮೈದಾನದ ಬಯಲು ಬೆಳಕಿನಲ್ಲೇ ಮುಖವನ್ನು ಹತ್ತಿರದಿಂದ ಹಿಡಿಯುವುದು ಆತನ ರೀತಿ. ಆ ಮುಖಗಳಲ್ಲಿನ ಬಿಸಿಲಿನ ಗೆರೆಗಳನ್ನು ಒಮ್ಮೆ ಗಮನವಿಟ್ಟು ನೋಡಿದರೆ ಕಾನ್ಲನ್ ಚಿತ್ರವನ್ನು ಮತ್ತೆ ಗುರುತಿಸುವುದು ಕಷ್ಟವಲ್ಲ.

ಛಾಯಾಗ್ರಾಹಕನ ಹೆಸರು ತಿಳಿದರೆ ಅವನ ಇತರ ಚಿತ್ರಗಳನ್ನೂ ಪಕ್ಕಕ್ಕಿಟ್ಟು ನೋಡಬಹುದು. ಅದರ ಉಪಯೋಗ ನಾಲ್ಕನೆಯ ಹಂತದಲ್ಲಿ ತಿಳಿಯುತ್ತದೆ.

3. ಮೇಲ್ಮೈಯನ್ನು ಭೂತಗನ್ನಡಿಯಲ್ಲಿ ನೋಡಿ

ಕಣ್ಣು, ಕೆನ್ನೆ, ಹಿನ್ನೆಲೆ: ಈ ಮೂರು ಕಡೆ ನೋಡಿದರೆ ಸಾಕು. ನಿಜವಾದ ಫೋಟೊದಲ್ಲಿ ಕಪ್ಪಿನಿಂದ ಬಿಳುಪಿಗೆ ಛಾಯೆ ಎಲ್ಲಿಯೂ ತುಂಡಾಗದೆ ಹರಿಯುತ್ತದೆ. ಎಷ್ಟು ಹಿಗ್ಗಿಸಿದರೂ ಸಾಲುಚುಕ್ಕೆಗಳು ಕಾಣುವುದಿಲ್ಲ. ಹಾಫ್‌ಟೋನ್ ಆಗಿದ್ದರೆ ಚುಕ್ಕೆಗಳು ಲೆಕ್ಕ ಹಾಕಿದಂತೆ ಸಾಲಾಗಿ ನಿಂತಿರುತ್ತವೆ. ಹಳೆಯ ಬಣ್ಣದ ಕಲ್ಲಚ್ಚಿನಲ್ಲಿ ಚುಕ್ಕೆಗಳು ರಂಗೋಲಿ ಪುಡಿ ಉದುರಿಸಿದಂತೆ ಕ್ರಮವಿಲ್ಲದೆ ಚೆಲ್ಲಿರುತ್ತವೆ. ಇತ್ತೀಚಿನ ಆಫ್‌ಸೆಟ್ ಮುದ್ರಣದಲ್ಲಿ ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕೆಗಳು ಕೂಡಿ ಪುಟ್ಟ ಹೂವಿನಾಕಾರ ಮಾಡುತ್ತವೆ. ಮನೆಯ ಇಂಕ್‌ಜೆಟ್ ಮುದ್ರಣದಲ್ಲಿ ಬಣ್ಣದ ಅತಿ ಸಣ್ಣ ಹನಿಗಳು ಚದುರಿರುತ್ತವೆ.

ಎಚ್ಚರಿಕೆ: ಹಳೆಯ ಪತ್ರಿಕೆ, ಪುರವಣಿಗಳಿಂದ ಕತ್ತರಿಸಿ ದಪ್ಪ ರಟ್ಟಿಗೆ ಅಂಟಿಸಿದ ಹಾಫ್‌ಟೋನ್ ಚಿತ್ರಗಳನ್ನು ‘ಹಳೆಯ ಸ್ಟುಡಿಯೊ ಫೋಟೊ’ ಎಂದು ಮಾರುವುದುಂಟು. ಅವುಗಳ ರಟ್ಟು ನಿಜವಾಗಿಯೂ ಹಳೆಯದಿರಬಹುದು. ನೀವು ನೋಡಬೇಕಾದದ್ದು ಚಿತ್ರವನ್ನು, ರಟ್ಟನ್ನಲ್ಲ.

4. ಮುಖ ಬಿಡಿ, ಬಟ್ಟೆಯ ಮಡಿಕೆ ಹಿಡಿಯಿರಿ

ಇಡೀ ಕೆಲಸದ ಜೀವಾಳ ಈ ಹಂತ. ಹೆಚ್ಚಿನವರು ಎರಡು ಮುಖಗಳನ್ನು ಪಕ್ಕಪಕ್ಕ ಇಟ್ಟು ‘ಅದೇ ಮೂಗು, ಅದೇ ಗಲ್ಲ’ ಎಂದು ತೀರ್ಮಾನಿಸಿಬಿಡುತ್ತಾರೆ. ಒಬ್ಬನೇ ಆಟಗಾರನ ಹತ್ತು ಫೋಟೊಗಳಲ್ಲಿಯೂ ಮೂಗು ಒಂದೇ ಇರುತ್ತದೆ. ಅದರಿಂದ ಏನೂ ಸಾಬೀತಾಗುವುದಿಲ್ಲ. ಕ್ಷಣದಿಂದ ಕ್ಷಣಕ್ಕೆ ಬದಲಾಗುವ ಅಂಶಗಳು ಬೇರೆ: ಕಾಲರಿನ ಒಂದು ತುದಿ ಎದ್ದಿರುವ ರೀತಿ, ಗುಂಡಿಪಟ್ಟಿಯ ಬಳಿ ಬಟ್ಟೆ ಸುಕ್ಕುಗಟ್ಟಿದ ಬಗೆ, ಹಣೆಯ ಮೇಲೆ ಬಿದ್ದ ಕೂದಲೆಳೆ, ಟೋಪಿಯ ನೆರಳು ಹುಬ್ಬಿನ ಮೇಲೆ ನಿಂತ ಜಾಗ, ಕಣ್ಣುಗುಡ್ಡೆಯಲ್ಲಿ ಬೆಳಕಿನ ಚುಕ್ಕೆ ಬಿದ್ದ ಸ್ಥಳ. ಉಸಿರೆಳೆದು ಬಿಡುವಷ್ಟರಲ್ಲಿ ಬಟ್ಟೆಯ ಮಡಿಕೆ ಬದಲಾಗುತ್ತದೆ.

ಕ್ರಮ ಹೀಗಿರಲಿ. ಎರಡನ್ನೂ ಸ್ಕ್ಯಾನ್ ಮಾಡಿ. ಎರಡೂ ಕಣ್ಣುಗಳ ನಡುವಿನ ಅಂತರ ಸಮವಾಗುವಂತೆ ಗಾತ್ರ ಹೊಂದಿಸಿ. ಬಣ್ಣದ ಕಾರ್ಡನ್ನು ಕಪ್ಪು-ಬಿಳುಪಿಗೆ ತಿರುಗಿಸಿ, ಏಕೆಂದರೆ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಒಂದರ ಮೇಲೊಂದನ್ನು ಅರೆಪಾರದರ್ಶಕವಾಗಿ ಇಡಿ. ಕಣ್ಣು ಕೂಡಿದ ಮೇಲೆ ಕಿವಿಯ ತುದಿ, ಗಲ್ಲ, ಕಾಲರಿನ ತುದಿಗಳೂ ತಾವಾಗಿಯೇ ಕೂಡಬೇಕು. ಕಣ್ಣು ಕೂಡಿ ಕಿವಿ ಕೂಡದಿದ್ದರೆ ತಲೆ ತಿರುಗಿದ ಕೋನವೇ ಬೇರೆ. ಅಂದರೆ ಅದು ಬೇರೆ ಚಿತ್ರ.

ಒಂದೇ ಬಾರಿ ಕೂರಿಸಿ ತೆಗೆದ ಎರಡು ಮೂರು ಚಿತ್ರಗಳನ್ನು ಒಡಹುಟ್ಟಿದ ಚಿತ್ರಗಳು ಎಂದು ಕರೆಯೋಣ. ಅದೇ ಅಂಗಿ, ಅದೇ ಪರದೆ, ಅದೇ ಬೆಳಕು, ಆದರೆ ಬೇರೆ ಬೇರೆ ನೆಗೆಟಿವ್. ಮಾರುವವರು ಬೇಕೆಂದೇ ಅಲ್ಲದಿದ್ದರೂ ಇವುಗಳನ್ನು ‘ಕಾರ್ಡಿನ ಚಿತ್ರ’ ಎಂದು ಹೇಳಿಬಿಡುತ್ತಾರೆ. ಛಾಯಾಗ್ರಾಹಕನ ಇತರ ಚಿತ್ರಗಳನ್ನು ಹುಡುಕಿಡಿ ಎಂದದ್ದು ಇದಕ್ಕಾಗಿಯೇ. ಒಡಹುಟ್ಟಿದ ಚಿತ್ರಕ್ಕೂ ಬೆಲೆಯಿದೆ, ಆದರೆ ಅದು ಕಾರ್ಡಿನ ಚಿತ್ರವಲ್ಲ.

ಕಲಾವಿದ ಏನೇನು ಬದಲಿಸಬಹುದು ಎಂಬುದನ್ನೂ ತಿಳಿದಿರಬೇಕು. ಹಿನ್ನೆಲೆಯ ಬಣ್ಣ ಪೂರ್ತಿ ಅವನದೇ: ವ್ಯಾಗ್ನರ್ ಹಿಂದಿನ ಕಿತ್ತಳೆಯಾಗಲಿ, ಟೈ ಕಾಬ್‌ನ ಎರಡು ಟಿ206 ಭಾವಚಿತ್ರಗಳ ಹಿಂದಿನ ಕೆಂಪು ಮತ್ತು ಹಸಿರಾಗಲಿ ಕ್ಯಾಮೆರಾ ಕಂಡವಲ್ಲ. ಎದೆಯ ಮೇಲಿನ ತಂಡದ ಹೆಸರೂ ಬದಲಾಗುತ್ತಿತ್ತು. ರೇ ಡೆಮಿಟ್ ಮತ್ತು ಬಿಲ್ ಓಹಾರ ನ್ಯೂಯಾರ್ಕಿನ ತಂಡಗಳನ್ನು ಬಿಟ್ಟು ಸೇಂಟ್ ಲೂಯಿಸ್‌ಗೆ ಹೋದಾಗ ಮುದ್ರಕರು ಹೊಸ ಫೋಟೊ ತರಿಸುವ ಗೋಜಿಗೆ ಹೋಗಲಿಲ್ಲ. ಇದ್ದ ಚಿತ್ರದಲ್ಲೇ ತಂಡದ ಗುರುತು ಬದಲಿಸಿದರು. ಆದ್ದರಿಂದ ಅಕ್ಷರ ಬೇರೆ ಎಂಬ ಕಾರಣಕ್ಕೆ ಹೊಂದಾಣಿಕೆಯನ್ನು ತಳ್ಳಿಹಾಕಬೇಡಿ. ಅಕ್ಷರ ಒಂದೇ ಎಂಬ ಕಾರಣಕ್ಕೆ ಒಪ್ಪಿಕೊಳ್ಳಲೂ ಬೇಡಿ.

ಕನ್ನಡಿಯಲ್ಲಿ ಕಂಡಂತೆ ಎಡ-ಬಲ ತಿರುಗಿದ ಚಿತ್ರಗಳೂ ಇವೆ. 1957ರ ಟಾಪ್ಸ್ ಕಾರ್ಡಿನಲ್ಲಿ ಬಲಗೈ ಆಟಗಾರ ಹ್ಯಾಂಕ್ ಆರನ್ ಎಡಗೈಯವನಂತೆ ಬ್ಯಾಟು ಹಿಡಿದಿರುವುದು ನೆಗೆಟಿವ್ ತಿರುವುಮುರುವಾದದ್ದರಿಂದ. ಎಷ್ಟು ಪ್ರಯತ್ನಿಸಿದರೂ ಕೂಡದ ಚಿತ್ರವನ್ನು ಒಮ್ಮೆ ತಿರುಗಿಸಿ ನೋಡಿ. ಹೆಸರನ್ನಂತೂ ನಂಬಲೇಬೇಡಿ: 1969ರ ಟಾಪ್ಸ್‌ನಲ್ಲಿ ಔರೇಲಿಯೊ ರೋಡ್ರಿಗಸ್ ಹೆಸರಿನ ಕಾರ್ಡಿನಲ್ಲಿರುವುದು ತಂಡದ ಬ್ಯಾಟು ಎತ್ತಿಕೊಡುತ್ತಿದ್ದ ಹುಡುಗ.

5. ಅಂಚನ್ನು ನೋಡಿ

ಈ ಪರೀಕ್ಷೆಗೆ ಎರಡು ನಿಮಿಷ ಸಾಕು, ಆದರೆ ನಕಲಿಗಳನ್ನು ಹಿಡಿಯುವುದರಲ್ಲಿ ಇದರಷ್ಟು ಉಪಯೋಗಿ ಬೇರೊಂದಿಲ್ಲ. ಕಾರ್ಡು ಮಾಡುವಾಗ ಫೋಟೊವನ್ನು ಸಾಮಾನ್ಯವಾಗಿ ಕತ್ತರಿಸಿಕೊಳ್ಳುತ್ತಾರೆ. ಆದ್ದರಿಂದ ನಿಜವಾದ ಮೂಲ ಫೋಟೊದಲ್ಲಿ ಕಾರ್ಡಿಗಿಂತ ಹೆಚ್ಚು ಕಾಣಬೇಕು: ಇನ್ನಷ್ಟು ಭುಜ, ಇನ್ನಷ್ಟು ಹಿನ್ನೆಲೆ. ನಿಮ್ಮ ‘ಫೋಟೊ’ ಕಾರ್ಡಿನ ಚೌಕಟ್ಟು ನಿಲ್ಲುವ ಜಾಗದಲ್ಲೇ ನಿಲ್ಲುತ್ತಿದ್ದರೆ ಅದನ್ನು ಕಾರ್ಡಿನಿಂದಲೇ ತೆಗೆದಿರುವ ಸಾಧ್ಯತೆ ಬಲವಾಗಿದೆ.

ವಿವರವೂ ಹಾಗೆಯೇ. ಫೋಟೊದಲ್ಲಿ ಅಂಗಿಯ ನೂಲು, ಗಡ್ಡದ ಮೊಳಕೆ, ಹುಬ್ಬಿನ ಎಳೆಗಳು ಕಾಣುತ್ತವೆ. ಕಲ್ಲಚ್ಚಿನಲ್ಲಿ ಅವೆಲ್ಲ ಕರಗಿಹೋಗುತ್ತವೆ. ಕಾರ್ಡಿನಲ್ಲಿ ಕಳೆದುಹೋದ ವಿವರ ಫೋಟೊದಲ್ಲಿಯೂ ಇಲ್ಲವೆಂದರೆ ದಾರಿ ತಿರುವುಮುರುವಾಗಿದೆ. ಫೋಟೊದ ಒಳಗೇ ಮುದ್ರಣದ ಚುಕ್ಕೆಗಳ ನೆರಳು ಕಂಡರಂತೂ ಸಂಶಯಕ್ಕೆ ಎಡೆಯೇ ಇಲ್ಲ. ಅದು ಅಚ್ಚಾದ ಚಿತ್ರವೊಂದನ್ನು ಫೋಟೊ ಹೊಡೆದದ್ದು.

6. ಪ್ರತಿಯ ವಯಸ್ಸು ಅಂದಾಜಿಸಿ

ಚಿತ್ರ ಹಳೆಯದು ಎಂದ ಮಾತ್ರಕ್ಕೆ ಪ್ರತಿ ಹಳೆಯದಾಗುವುದಿಲ್ಲ. ಕಾನ್ಲನ್‌ನ ನೆಗೆಟಿವ್‌ಗಳು ಉಳಿದುಕೊಂಡದ್ದರಿಂದ 1990ರ ದಶಕದ ಆರಂಭದಲ್ಲಿ ಅವುಗಳಿಂದಲೇ ಹೊಸ ಕಾರ್ಡುಗಳ ಸರಣಿಯೇ ಬಂತು. ಹೊಸ ಫೋಟೊ ಪ್ರತಿಗಳಿಗೂ ಅಷ್ಟೇ ದಾರಿಯಿದೆ.

ಸಂಗ್ರಾಹಕರು ಫೋಟೊಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸುತ್ತಾರೆ. ಮೂಲ ನೆಗೆಟಿವ್‌ನಿಂದ, ಚಿತ್ರ ತೆಗೆದ ಸುಮಾರು ಎರಡು ವರ್ಷಗಳೊಳಗೆ ಮಾಡಿದ್ದು ಮೊದಲ ದರ್ಜೆ. ಮೂಲ ನೆಗೆಟಿವ್‌ನಿಂದಲೇ ಆದರೂ ಅದಕ್ಕಿಂತ ತಡವಾಗಿ ಮಾಡಿದ್ದು ಎರಡನೆಯದು. ನಕಲು ನೆಗೆಟಿವ್‌ನಿಂದ ಅಥವಾ ತಂತಿಯ ಮೂಲಕ ಬಂದ ಚಿತ್ರದಿಂದ ಆ ಎರಡು ವರ್ಷಗಳೊಳಗೆ ಮಾಡಿದ್ದು ಮೂರನೆಯದು, ತಡವಾಗಿ ಮಾಡಿದ್ದು ನಾಲ್ಕನೆಯದು. ತಂತಿಯ ಮೂಲಕ ಫೋಟೊ ಕಳಿಸುವ ಸೇವೆಯನ್ನು ಅಸೋಸಿಯೇಟೆಡ್ ಪ್ರೆಸ್ 1935ರಲ್ಲಿ ಆರಂಭಿಸಿತು. ಅಂಥ ಪ್ರತಿಗಳಲ್ಲಿ ವಿವರ ಮಂಕಾಗಿ, ಸಣ್ಣ ಅಡ್ಡಗೆರೆಗಳು ಕಾಣುವುದುಂಟು.

ವಯಸ್ಸು ತಿಳಿಯಲು ಮೂರು ಕಡೆ ನೋಡಿ. ಮೊದಲು ಕಾಗದ. ಹತ್ತೊಂಬತ್ತನೆಯ ಶತಮಾನದ ಆಲ್ಬುಮಿನ್ ಪ್ರತಿಗಳು, ಅಂದರೆ ಮೊಟ್ಟೆಯ ಬಿಳಿಲೋಳೆ ಸವರಿದ ಕಾಗದದ ಪ್ರತಿಗಳು, ತೆಳುವಾಗಿದ್ದು ಭೂತಗನ್ನಡಿಯಲ್ಲಿ ಕಾಗದದ ನಾರು ಕಾಣುತ್ತದೆ. ಬಿಳಿ ಭಾಗಗಳು ಹಳದಿಗೆ ತಿರುಗಿರುತ್ತವೆ. ನಂತರ ಬಂದ ಜೆಲಾಟಿನ್ ಸಿಲ್ವರ್ ಪ್ರತಿಗಳಲ್ಲಿ ಬಿಳಿಯ ಲೇಪವೊಂದು ನಾರನ್ನು ಮುಚ್ಚಿರುತ್ತದೆ. ಎರಡನೆಯದು ಬೆಳ್ಳಿಯ ಹೊಳಪು. ಹಳೆಯ ಜೆಲಾಟಿನ್ ಪ್ರತಿಯನ್ನು ದೀಪದಡಿ ಓರೆ ಮಾಡಿದರೆ ಅಂಚಿನ ಬಳಿಯ ಕಪ್ಪು ಭಾಗಗಳಲ್ಲಿ ನೀಲಿಛಾಯೆಯ ಲೋಹದ ಮಿನುಗು ಕಾಣಬಹುದು. ಶಾಯಿಯ ಮುದ್ರಣದಲ್ಲಿ ಇದು ಬರುವುದಿಲ್ಲ. ಮೂರನೆಯದು ಅತಿನೇರಳೆ ಬೆಳಕು. ಕತ್ತಲ ಕೋಣೆಯಲ್ಲಿ ಟಾರ್ಚು ಬಿಟ್ಟಾಗ ಕಾಗದ ಬೆಳ್ಳಗೆ ನೀಲಿಯಾಗಿ ಹೊಳೆದರೆ, ಅದರಲ್ಲಿ ಬೆಳ್ಪುಕಾರಕ ರಾಸಾಯನಿಕವಿದೆ ಎಂದರ್ಥ. ಅದು ಬಳಕೆಗೆ ಬಂದದ್ದು ಸುಮಾರು 1950ರ ದಶಕದಿಂದ. 1910ರ ಫೋಟೊ ಎಂದು ಕೊಟ್ಟ ವಸ್ತು ಹಾಗೆ ಹೊಳೆದರೆ ಹಿಂದಿರುಗಿಸಿಬಿಡಿ. ಆದರೆ ಹೊಳೆಯಲಿಲ್ಲ ಎಂಬುದು ಹಳೆಯದೆಂಬುದಕ್ಕೆ ಪುರಾವೆಯಲ್ಲ; ಆ ರಾಸಾಯನಿಕವಿಲ್ಲದ ಕಾಗದ ಇಂದೂ ಸಿಗುತ್ತದೆ.

ಹಿಂಬದಿಯನ್ನು ಮರೆಯಬೇಡಿ. ಛಾಯಾಗ್ರಾಹಕನ ಅಥವಾ ಸುದ್ದಿಸಂಸ್ಥೆಯ ಮೊಹರು, ದಿನಾಂಕ, ಪತ್ರಿಕೆಯ ಚೀಟಿ ಇದ್ದರೆ ಎಲ್ಲವನ್ನೂ ಸ್ಕ್ಯಾನ್ ಮಾಡಿ. ಮೊಹರನ್ನು ನಕಲು ಮಾಡುವುದು ಸುಲಭ, ಅದೊಂದನ್ನೇ ಆಧರಿಸಬೇಡಿ.

7. ಕಾರ್ಡನ್ನೂ ಅಷ್ಟೇ ಸಂಶಯದಿಂದ ನೋಡಿ

ಫೋಟೊವನ್ನು ಇಷ್ಟು ಶೋಧಿಸಿ ಕಾರ್ಡನ್ನು ಸುಮ್ಮನೆ ಒಪ್ಪಿಕೊಳ್ಳುವವರಿದ್ದಾರೆ. ಟಿ206ರ ಅಳತೆ ಸುಮಾರು 36.5 x 66.7 ಮಿಲಿಮೀಟರ್. ಕತ್ತರಿಸುವಾಗಲೇ ಅಲ್ಪಸ್ವಲ್ಪ ವ್ಯತ್ಯಾಸ ಬಂದಿರುತ್ತದೆ; ಆದರೆ ಒಂದು ಅಂಚು ಮಾತ್ರ ಹೊಸದಾಗಿ ಕೊಯ್ದಂತೆ ಚೂಪಾಗಿದ್ದರೆ, ಸವೆದ ಅಂಚನ್ನು ಕತ್ತರಿಸಿ ಚೆಂದ ಮಾಡಿದ್ದಾರೆ ಎಂದು ಅನುಮಾನಿಸಿ. ವ್ಯಾಗ್ನರ್ ಕಾರ್ಡುಗಳಲ್ಲೇ ಅತಿ ಹೆಸರಾದ ಪ್ರತಿಯನ್ನು ಹೀಗೆ ಕತ್ತರಿಸಲಾಗಿತ್ತು ಎಂಬುದು 2013ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಹೊರಬಿತ್ತು.

ಮರುಮುದ್ರಣ ಹಿಡಿಯಲು ಕೆಳಗಿನ ಹೆಸರನ್ನು ನೋಡಿ. ಅಸಲಿ ಟಿ206ರಲ್ಲಿ ಹೆಸರು ಕಂದು ಶಾಯಿಯಲ್ಲಿ ಗಟ್ಟಿಯಾಗಿ, ಚುಕ್ಕೆಗಳಿಲ್ಲದೆ ಅಚ್ಚಾಗಿರುತ್ತದೆ. ಫೋಟೊ ಹೊಡೆದು ಮರುಮುದ್ರಿಸಿದ್ದರೆ ಅಕ್ಷರವೂ ಚುಕ್ಕೆಗಳಾಗಿ ಒಡೆದಿರುತ್ತದೆ.

8. ಕಂಡದ್ದನ್ನು ಮಾತ್ರ ಬರೆದಿಡಿ

‘ಕಾರ್ಡಿಗೆ ಬಳಸಿದ ಫೋಟೊ’ ಎಂಬ ಮಾತನ್ನು ಬಹಳ ಸಲೀಸಾಗಿ ಬಳಸುತ್ತಾರೆ. ಕಾರ್ಡಿನ ಚಿತ್ರ ಮತ್ತು ನಿಮ್ಮ ಪ್ರತಿ ಒಂದೇ ನೆಗೆಟಿವ್‌ನಿಂದ ಬಂದವು ಎಂದು ನೀವು ತೋರಿಸಬಲ್ಲಿರಿ. ಮುದ್ರಕನ ಮೇಜಿನ ಮೇಲೆ ಇದ್ದದ್ದು ಇದೇ ಪ್ರತಿ ಎಂದು ತೋರಿಸುವುದು ತೀರಾ ಬೇರೆ ಮಾತು. ಅದಕ್ಕೆ ಕತ್ತರಿಸುವ ಜಾಗದ ಪೆನ್ಸಿಲ್ ಗುರುತು, ಅಂಚುಗಳಿಗೆ ಬಳಿದ ಬಿಳಿ ಬಣ್ಣ, ಹಿಂಬದಿಯ ಸೂಚನೆ, ಕಂಪನಿಯ ಕಡತದಿಂದ ಹೊರಬಂದ ದಾಖಲೆ ಇವೆಲ್ಲ ಬೇಕು. ಪೆನ್ಸಿಲ್ ಗೆರೆಯೊಂದೇ ಸಾಲದು. ಪತ್ರಿಕೆಗಳೂ ತಮ್ಮ ಪುಟಕ್ಕಾಗಿ ಹಾಗೆಯೇ ಗೆರೆ ಎಳೆದು, ಬಣ್ಣ ಬಳಿಯುತ್ತಿದ್ದವು. ಕಾರ್ಡಿನ ಚೌಕಟ್ಟು ಆ ಗೆರೆಗಳ ಜಾಗಕ್ಕೆ ಸರಿಯಾಗಿ ಕೂಡುತ್ತದೆಯೇ ಎಂದು ಅಳೆದು ನೋಡಿ.

ನಿಮ್ಮ ಟಿಪ್ಪಣಿ ಹೀಗಿರಬಹುದು: ‘ಜೆಲಾಟಿನ್ ಸಿಲ್ವರ್ ಪ್ರತಿ. ಬಲ ಕಾಲರಿನ ಮಡಿಕೆ, ಮೂರನೆಯ ಗುಂಡಿಯ ಬಳಿಯ ಸುಕ್ಕು, ಎಡ ಹುಬ್ಬಿನ ನೆರಳು ಕಾರ್ಡಿನ ಚಿತ್ರದೊಂದಿಗೆ ಕೂಡುತ್ತವೆ. ಎದೆಯ ಅಕ್ಷರಗಳು ಫೋಟೊದಲ್ಲಿಲ್ಲ. ಅತಿನೇರಳೆಯಲ್ಲಿ ಹೊಳೆಯುವುದಿಲ್ಲ. ಹಿಂಬದಿ ಖಾಲಿ. ಒಂದೇ ನೆಗೆಟಿವ್‌ನದು, ಕಾರ್ಡಿಗೆ ಇದೇ ಪ್ರತಿ ಬಳಕೆಯಾಯಿತು ಎನ್ನಲು ಆಧಾರವಿಲ್ಲ.’ ಇದನ್ನು ಬೇರೆ ಚೀಟಿಯಲ್ಲಿ ಬರೆದು ಜೊತೆಗಿಡಿ. ಫೋಟೊದ ಹಿಂದೆ ಪೆನ್ನಿನಲ್ಲಿ ಬರೆಯಬೇಡಿ, ಟೇಪು ಅಂಟಿಸಬೇಡಿ, ಪಿವಿಸಿ ಚೀಲದಲ್ಲಿ ಹಾಕಬೇಡಿ. ಪಾಲಿಯೆಸ್ಟರ್ ಹಾಳೆಯ ಲಕೋಟೆ ಸುರಕ್ಷಿತ. ಮಾರುವವರಿಂದ ಕೊಳ್ಳುವಾಗ ಮುಂಬದಿ, ಹಿಂಬದಿ, ಓರೆ ಬೆಳಕಿನದು ಎಂದು ಮೂರು ಚಿತ್ರಗಳನ್ನೂ ಹಿಂದಿರುಗಿಸುವ ಅವಕಾಶವನ್ನೂ ಬರಹದಲ್ಲೇ ಕೇಳಿ. ಓರೆ ಬೆಳಕಿನ ಚಿತ್ರ ಕೊಡಲು ಒಪ್ಪದವರಿಂದ ಕೊಳ್ಳಬೇಡಿ.